ಹಾಜರಿಯೂ ಹರಟೆಯೂ

ದೂರದಿಂದ ಪಾಠ ಹೇಳುವ ಏರ್ಪಾಡು ನಮ್ಮ ದೇಶಕ್ಕೆ ಹೊಸದಲ್ಲ. ದಿಲ್ಲಿ ವಿಶ್ವವಿದ್ಯಾನಿಲಯವು 1962ರಲ್ಲಿಯೇ ಅಂಚೆಯ ಮೂಲಕ ಶಿಕ್ಷಣ ಕೊಡತೊಡಗಿತು. ಮೈಸೂರು ವಿಶ್ವವಿದ್ಯಾನಿಲಯದ ಅಂಚೆ ಶಿಕ್ಷಣ ಸಂಸ್ಥೆ 1969ರಲ್ಲಿ ಹುಟ್ಟಿತು. ಮುಂದೆ 1996ರಲ್ಲಿ ಆ ಬೇರಿನಿಂದಲೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಚಿಗುರಿತು. ಅಂಚೆಯವನು ತಂದುಕೊಟ್ಟ ಪಾಠದ ಕಟ್ಟನ್ನು ರಾತ್ರಿ ಕುಳಿತು ಓದಿ ಬಿ.ಎ. ಮುಗಿಸಿದ ಗುಮಾಸ್ತರೂ ಪ್ರಾಥಮಿಕ ಶಾಲೆಯ ಉಪಾಧ್ಯಾಯರೂ ನಮ್ಮ ಊರುಗಳಲ್ಲಿ ಇಂದಿಗೂ ಇದ್ದಾರೆ. ಅವರ ಛಲವನ್ನು ಮೆಚ್ಚಬೇಕಾದದ್ದೇ. ಆದರೆ ಅವರನ್ನು ಕಾಲೇಜಿನ ದಿನಗಳ ಬಗ್ಗೆ ಕೇಳಿ ನೋಡಿ: ಪಾಠದ ಕಟ್ಟಿನ ಮಾತು ಎತ್ತುವವರು ಕಡಮೆ, ಸಂಪರ್ಕ ತರಗತಿಗೆ ಹೋದ ಆ ಕೆಲವು ದಿನಗಳಲ್ಲಿ ಪಕ್ಕದಲ್ಲಿ ಕುಳಿತವರು ಯಾರು, ಯಾವ ಹೋಟೆಲಿನಲ್ಲಿ ಒಟ್ಟಿಗೆ ಕಾಫಿ ಕುಡಿದರು, ಯಾರ ಟಿಪ್ಪಣಿಯನ್ನು ಯಾರು ಬರೆದುಕೊಂಡರು ಎಂಬುದನ್ನೇ ಹೇಳುತ್ತಾರೆ.

ಈಗ ಅಂಚೆಯವನ ಕೆಲಸವನ್ನು ಮೊಬೈಲು ವಹಿಸಿಕೊಂಡಿದೆ. ಕೇಂದ್ರ ಸರ್ಕಾರದ 'ಸ್ವಯಂ' 2017ರ ಜುಲೈ ತಿಂಗಳಲ್ಲಿ ಆರಂಭವಾಯಿತು. ಒಂದು ಸೆಮಿಸ್ಟರಿನ ಪಾಠಗಳಲ್ಲಿ ಶೇಕಡಾ 40ರವರೆಗೆ ಅದರ ಮೂಲಕ ಓದಿ ಕ್ರೆಡಿಟ್ ಪಡೆಯಲು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2021ರ ನಿಯಮಗಳು ಅವಕಾಶ ಕೊಟ್ಟಿವೆ. ಆದ್ದರಿಂದ ಆನ್‌ಲೈನ್ ಶಿಕ್ಷಣ ಬೇಕೇ ಬೇಡವೇ ಎಂದು ಚರ್ಚಾಕೂಟದಲ್ಲಿ ಮೇಜು ಗುದ್ದಿ ಮಾತನಾಡುವುದರಲ್ಲಿ ಇನ್ನು ಅರ್ಥವಿಲ್ಲ. ಅದು ಬಂದಾಗಿದೆ. ಹೀಗೆ ಓದುವವರು ಒಬ್ಬರಿಗೊಬ್ಬರು ಏನಾಗಬೇಕು ಎಂಬುದೇ ಈಗ ಕೇಳಬೇಕಾದ ಪ್ರಶ್ನೆ.

ಹಾಜರಿಯ ಲೆಕ್ಕವನ್ನು ಯಂತ್ರ ಚೆನ್ನಾಗಿ ಇಡುತ್ತದೆ. ಯಾರು ಎಷ್ಟು ಗಂಟೆಗೆ ಒಳಬಂದರು, ಎಷ್ಟು ನಿಮಿಷ ಪಾಠ ನೋಡಿದರು, ಯಾವ ಪ್ರಶ್ನೆಗೆ ಉತ್ತರ ತಪ್ಪಿದರು, ಎಲ್ಲವೂ ಅದರ ಖಾತೆಯಲ್ಲಿ ದಾಖಲಾಗುತ್ತದೆ. ಹರಟೆಯ ಲೆಕ್ಕ ಮಾತ್ರ ಅದಕ್ಕೆ ಬರುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ತರಗತಿಯನ್ನು ತರಗತಿಯನ್ನಾಗಿ ಮಾಡತಕ್ಕದ್ದು ಈ ಎರಡನೆಯದು. ಅದಕ್ಕೆ ಜಾಗವಿಲ್ಲದ ಕಡೆ ಪಾಠ ಇರಬಹುದು, ಪರೀಕ್ಷೆ ಇರಬಹುದು, ತರಗತಿ ಇರುವುದಿಲ್ಲ.

ಹರಟೆ ಎಂದೊಡನೆ ನಮ್ಮ ಹಿರಿಯ ಅಧ್ಯಾಪಕರು ಹುಬ್ಬು ಗಂಟಿಕ್ಕಬಾರದಾಗಿ ಬೇಡಿಕೆ. ಅರ್ಥಶಾಸ್ತ್ರದ ಪಾಠದಲ್ಲಿ 'ಬೇಡಿಕೆಯ ಸ್ಥಿತಿಸ್ಥಾಪಕತ್ವ' ಎಂಬ ಮಾತು ಕರಿಹಲಗೆಯ ಮೇಲೆ ಬಂದಾಗ ನಾವು ಅರವತ್ತು ಜನವೂ ಗಂಭೀರವಾಗಿ ತಲೆಯಾಡಿಸಿದೆವು. ಗಂಟೆ ಹೊಡೆದ ಮೇಲೆ ಮೊಗಸಾಲೆಯಲ್ಲಿ ಒಬ್ಬಳು ಅಂದಳು: "ಉಪ್ಪಿನ ಬೆಲೆ ಎರಡರಷ್ಟಾದರೂ ಸಾರಿಗೆ ಹಾಕುವ ಉಪ್ಪು ಅಷ್ಟೇ. ಮಾವಿನ ಹಣ್ಣಿನ ಬೆಲೆ ಎರಡರಷ್ಟಾದರೆ ನಮ್ಮಮ್ಮ ಆ ಬೀದಿಗೇ ಹೋಗೋದಿಲ್ಲ." ಪಾಠ ತಿಳಿದದ್ದು ಅಲ್ಲಿ. ಅಧ್ಯಾಪಕರು ಹೇಳದೆ ಇದ್ದಿದ್ದರೆ ಅವಳಿಗೆ ಆ ಮಾತು ಹೊಳೆಯುತ್ತಿರಲಿಲ್ಲ, ನಿಜ. ಅವಳು ಹೇಳದೆ ಇದ್ದಿದ್ದರೆ ನಮ್ಮಲ್ಲಿ ಅರ್ಧ ಜನ ಇಂದಿಗೂ ತಲೆಯಾಡಿಸುತ್ತಲೇ ಇರುತ್ತಿದ್ದೆವು. ಕೆನಡಾ ದೇಶದ ಗ್ಯಾರಿಸನ್, ಆಂಡರ್ಸನ್, ಆರ್ಚರ್ ಎಂಬ ಮೂವರು ವಿದ್ವಾಂಸರು 2000ದಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಯಂತ್ರದ ಮೂಲಕ ನಡೆಯುವ ಕಲಿಕೆಗೆ ಮೂರು ಬಗೆಯ ಇರವು ಬೇಕೆಂದು ವಾದಿಸಿದರು: ಕಲಿಸುವವರ ಇರವು, ಆಲೋಚನೆಯ ಇರವು, ಬಳಗದ ಇರವು. ನಮ್ಮವರು ಮೊದಲನೆಯದಕ್ಕೆ ವೀಡಿಯೋ ಮಾಡಿದರು, ಎರಡನೆಯದಕ್ಕೆ ಪ್ರಶ್ನೆಪತ್ರಿಕೆ ಮಾಡಿದರು. ಮೂರನೆಯದನ್ನು ತಾನಾಗಿ ಆಗುತ್ತದೆಂದು ಬಿಟ್ಟುಬಿಟ್ಟರು.

ತಾನಾಗಿ ಆಗುವುದಿಲ್ಲ. ಕಳೆದ ಸೆಮಿಸ್ಟರಿನಲ್ಲಿ ಸ್ವಯಂ ಪಾಠಕ್ಕೆ ಹೆಸರು ಕೊಟ್ಟಿದ್ದ ಗೆಳತಿಯೊಬ್ಬಳು ನಡುವೆ ಬಿಟ್ಟಳು. ಬುದ್ಧಿಯಲ್ಲಿ ನಮ್ಮೆಲ್ಲರಿಗಿಂತ ಮೇಲು. ದಿನವೂ ಎರಡು ಬಸ್ಸು ಬದಲಿಸಿ ಬರುವವಳು. ಕಾರಣ ಕೇಳಿದ್ದಕ್ಕೆ ಅವಳು ಹೇಳಿದ್ದು ಇಷ್ಟೇ: "ಮೊದಲನೇ ವಾರ ಇಂಗ್ಲಿಷ್ ಪಾಠ ಅರ್ಥ ಆಗಲಿಲ್ಲ ಕಣೇ, ಆಮೇಲೆ ಕೇಳೋಣ ಅಂತ ಬಿಟ್ಟೆ. ಎರಡನೇ ವಾರ ಯಾರನ್ನ ಕೇಳೋದು ಅಂತ ಗೊತ್ತಾಗಲಿಲ್ಲ. ಮೂರನೇ ವಾರ ಕೇಳೋಕೆ ನಾಚಿಕೆ ಆಯ್ತು." ಅದೇ ಪಾಠಕ್ಕೆ ನಮ್ಮ ಕಾಲೇಜಿನಿಂದಲೇ ಇನ್ನೂ ಕೆಲವರು ಹೆಸರು ಕೊಟ್ಟಿದ್ದರು. ಅವರು ಯಾರೆಂದು ಅವಳಿಗೂ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ. ಇದು ನಮ್ಮ ಊರಿನ ಕತೆ ಮಾತ್ರವೂ ಅಲ್ಲ. 2011ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಕೃತಕ ಬುದ್ಧಿಮತ್ತೆಯ ಪಾಠವನ್ನು ಎಲ್ಲರಿಗೂ ಧರ್ಮಾರ್ಥವಾಗಿ ತೆರೆದಾಗ ಸುಮಾರು 1,60,000 ಜನ ಹೆಸರು ಕೊಟ್ಟರು. ಮುಗಿಸಿದವರು 20,000ಕ್ಕೆ ಮಿಕ್ಕಿ ಅಷ್ಟೆ. ಬಿಟ್ಟವರೆಲ್ಲ ಒಂಟಿತನದಿಂದಲೇ ಬಿಟ್ಟರೆಂದು ನಾನು ವಾದಿಸುವುದಿಲ್ಲ. ಕುತೂಹಲಕ್ಕೆಂದು ಬಂದು ಹೋದವರೂ ಇದ್ದಿರಬೇಕು. ಆದರೆ ಬಿಟ್ಟುಹೋಗುವಾಗ "ಯಾಕೆ ಬರಲಿಲ್ಲ?" ಎಂದು ಕೇಳುವವರು ಒಬ್ಬರೂ ಇರಲಿಲ್ಲವೆಂದರೆ ಬಿಡುವುದು ಬಹಳ ಸುಲಭ.

ನಮ್ಮ ಪೀಳಿಗೆಗೆ ಈ ಪಾಠ ಹೊಸದಾಗಬೇಕಾಗಿರಲಿಲ್ಲ. 2020ರಲ್ಲಿ ಕೊರೋನಾ ಬಂದು ಶಾಲೆ ಮುಚ್ಚಿದಾಗ ಈಗಿನ ಅಂತಿಮ ವರ್ಷದವರು ಹೈಸ್ಕೂಲಿನಲ್ಲಿದ್ದೆವು. ಚಂದನ ವಾಹಿನಿಯಲ್ಲಿ ಪಾಠ ಬರುತ್ತಿತ್ತು. ಪಾಠ ಚೆನ್ನಾಗಿಯೇ ಇತ್ತು. ನಾವು ನೋಡುತ್ತ ನೋಡುತ್ತ ತೂಕಡಿಸುತ್ತಿದ್ದೆವು. ಆ ವರ್ಷ ಆಗಸ್ಟಿನಲ್ಲಿ ಸರ್ಕಾರ 'ವಿದ್ಯಾಗಮ'ವನ್ನು ಆರಂಭಿಸಿತು. ಮೊಬೈಲು ಇರುವವರು, ಇಲ್ಲದವರು ಎಂದು ಮಕ್ಕಳನ್ನು ಗುರುತಿಸಿ, ಉಪಾಧ್ಯಾಯರೇ ಊರೂರಿಗೆ ಬಂದು ದೇವಸ್ಥಾನದ ಜಗುಲಿಯಲ್ಲೋ ಮರದ ನೆರಳಿನಲ್ಲೋ ಸಣ್ಣ ಸಣ್ಣ ಗುಂಪಿಗೆ ಪಾಠ ಹೇಳಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ನಿಲ್ಲಿಸಿದ್ದು ತಪ್ಪೆನ್ನಲಾರೆ. ಆದರೆ ಜಗುಲಿಯ ಮೇಲೆ ಎಂಟು ಹತ್ತು ಮಂದಿ ಕುಳಿತಿದ್ದಾಗ ಅದೇ ಚಂದನದ ಪಾಠದ ಬಗ್ಗೆ ಎಷ್ಟು ಪ್ರಶ್ನೆ ಹುಟ್ಟುತ್ತಿದ್ದವು!

ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಬೇಕೆನ್ನುವವರು ಇನ್ನೂ ಹಿಂದಕ್ಕೆ ಹೋಗಬೇಕು. 1956ರಲ್ಲಿ ಯುನೆಸ್ಕೋ ನೆರವಿನಿಂದ ಆಕಾಶವಾಣಿಯ ಪುಣೆ ಕೇಂದ್ರವು ಅಂದಿನ ಮುಂಬಯಿ ರಾಜ್ಯದ ಐದು ಜಿಲ್ಲೆಗಳ ಸುಮಾರು 150 ಹಳ್ಳಿಗಳಲ್ಲಿ 'ರೇಡಿಯೋ ಗ್ರಾಮ ಗೋಷ್ಠಿ' ಎಂಬ ಪ್ರಯೋಗ ನಡೆಸಿತು. ಮೂಲ ಕಲ್ಪನೆ ಕೆನಡಾದ ರೈತರದು. ಅಲ್ಲಿ 1941ರಿಂದ ಇಂಥ ಗೋಷ್ಠಿಗಳಿದ್ದವು. ಒಂದೊಂದು ಹಳ್ಳಿಯಲ್ಲಿ ಸುಮಾರು 20 ಮಂದಿ ವಾರಕ್ಕೆ ಎರಡು ಸಂಜೆ ರೇಡಿಯೋ ಮುಂದೆ ಕೂಡುವರು. ಅರ್ಧ ಗಂಟೆಯ ಕಾರ್ಯಕ್ರಮ; ಅದು ಮುಗಿದ ಮೇಲೆ ರೇಡಿಯೋ ಆರಿಸಿ ಕೇಳಿದ್ದರ ಬಗ್ಗೆ ತಮ್ಮಲ್ಲೇ ಮಾತು. ಗೋಷ್ಠಿಯ ಸಂಚಾಲಕನು ಅಲ್ಲಿ ಹುಟ್ಟಿದ ಸಂಶಯಗಳನ್ನು ಬರೆದು ಕೇಂದ್ರಕ್ಕೆ ಕಳುಹಿಸುವನು. ಉತ್ತರ ಮುಂದಿನ ಕಾರ್ಯಕ್ರಮಗಳಲ್ಲಿ ಬರುವುದು. ಪಾಲ್ ನ್ಯೂರಾತ್ ಎಂಬ ಸಮಾಜಶಾಸ್ತ್ರಜ್ಞರು ಟಾಟಾ ಸಮಾಜ ವಿಜ್ಞಾನ ಸಂಸ್ಥೆಯವರೊಡನೆ ಇದನ್ನು ಪರೀಕ್ಷಿಸಿದರು. ಗೋಷ್ಠಿ ಇದ್ದ ಹಳ್ಳಿ, ರೇಡಿಯೋ ಇದ್ದು ಗೋಷ್ಠಿ ಇಲ್ಲದ ಹಳ್ಳಿ, ರೇಡಿಯೋ ಕೂಡ ಇಲ್ಲದ ಹಳ್ಳಿ, ಹೀಗೆ ಮೂರನ್ನು ಹೋಲಿಸಿ ನೋಡಿದಾಗ ತಿಳಿವಳಿಕೆ ಬಹಳವಾಗಿ ಹೆಚ್ಚಿದ್ದು ಗೋಷ್ಠಿಯ ಹಳ್ಳಿಗಳಲ್ಲಿ. ಬರಿಯ ರೇಡಿಯೋ ಇದ್ದ ಹಳ್ಳಿಗಳು ಅದರ ಹತ್ತಿರಕ್ಕೂ ಬರಲಿಲ್ಲ. ಪೆಟ್ಟಿಗೆ ಒಂದೇ, ದನಿ ಒಂದೇ. ವ್ಯತ್ಯಾಸವೆಲ್ಲ ಅದನ್ನು ಆರಿಸಿದ ಮೇಲೆ ನಡೆದ ಮಾತಿನದು. 1959ರಲ್ಲಿ ಈ ಯೋಜನೆಯನ್ನು ದೇಶದ ಇತರ ಭಾಗಗಳಿಗೂ ಹಬ್ಬಿಸಿದರು.

ಆ ಹಳ್ಳಿಯವರಿಗೆ ಇದ್ದದ್ದು ಒಂದು ರೇಡಿಯೋ, ಒಂದು ಪೋಸ್ಟ್ ಕಾರ್ಡು. ನಮ್ಮ ಕೈಯಲ್ಲಿ ಇರುವುದೇನು? ವಾಟ್ಸಾಪ್ ಉಂಟು, ಟೆಲಿಗ್ರಾಂ ಉಂಟು, ಮುಖ ನೋಡಿಕೊಂಡು ಮಾತನಾಡುವ ಸೌಲಭ್ಯ ಉಂಟು. ಇಷ್ಟನ್ನು ಇಟ್ಟುಕೊಂಡು ನಾವು ಕಟ್ಟಿರುವುದು ಏನೆಂದರೆ ಒಂದು ನೋಟೀಸು ಬೋರ್ಡು! ಬಹಳಷ್ಟು ತರಗತಿಗಳ ವಾಟ್ಸಾಪ್ ಗುಂಪಿನಲ್ಲಿ ಇನ್ನೂರು ಜನ. ಬರೆಯುವ ಅಧಿಕಾರ ಇಬ್ಬರಿಗೆ. 2018ರಲ್ಲಿ ಆ ಕಂಪನಿಯವರು ಅಡ್ಮಿನ್ನುಗಳು ಮಾತ್ರ ಬರೆಯುವ ವ್ಯವಸ್ಥೆ ಮಾಡಿಕೊಟ್ಟದ್ದೇ ತಡ, ಕಾಲೇಜುಗಳು ಅದನ್ನು ವರಪ್ರಸಾದವೆಂದು ಸ್ವೀಕರಿಸಿದವು. ಶುಲ್ಕದ ಕೊನೆಯ ದಿನ, ಆಂತರಿಕ ಪರೀಕ್ಷೆಯ ವೇಳಾಪಟ್ಟಿ, ಮತ್ತೆ ಶುಲ್ಕದ ಕೊನೆಯ ದಿನ. ಗೋಷ್ಠಿಯಿಲ್ಲದ ರೇಡಿಯೋ ಹಳ್ಳಿ ಎಂದರೆ ಇದೇ.

ಬೀಗ ಹಾಕಿದ್ದಕ್ಕೆ ಕಾರಣಗಳೂ ಇಲ್ಲದಿಲ್ಲ. ಬೀಗ ತೆರೆದ ಗುಂಪಿನಲ್ಲಿ ಬೆಳಗಾದರೆ ಹೂವಿನ ಚಿತ್ರದ ಶುಭೋದಯ, ಮಧ್ಯಾಹ್ನ ಚುನಾವಣೆಯ ಜಗಳ, ರಾತ್ರಿ ಸುಳ್ಳು ಸುದ್ದಿ. ಅದಕ್ಕಿಂತ ಕೆಟ್ಟದ್ದೂ ಉಂಟು. ಇನ್ನೂರು ಜನರ ಗುಂಪಿನಲ್ಲಿ ಹುಡುಗಿಯರ ನಂಬರು ಇನ್ನೂರು ಜನಕ್ಕೂ ಕಾಣುತ್ತದೆ. ಪರಿಚಯವಿಲ್ಲದವರಿಂದ ರಾತ್ರಿ ಸಂದೇಶ ಬರತೊಡಗಿದರೆ ಅವರು ಗುಂಪು ಬಿಡುತ್ತಾರೆ, ಮನೆಯಲ್ಲಿ ತಿಳಿದರೆ ಮೊಬೈಲೂ ಹೋಗುತ್ತದೆ. ಇದು ಹುಡುಗರಿಗೆ ತಮಾಷೆ. ಕೆಲವರಿಗೆ ಓದು ನಿಲ್ಲುವ ಮಾತು. ಗುಂಪನ್ನು ತೆರೆಯಿರಿ ಎಂದು ಕೂಗುವವರು ಮೊದಲು ಇದಕ್ಕೆ ಉತ್ತರ ಹೇಳಬೇಕು.

ನನಗೆ ತೋಚುವ ಉತ್ತರ, ಗುಂಪು ಸಣ್ಣದಾಗಬೇಕು. ಇನ್ನೂರು ಜನರ ನೋಟೀಸು ಬೋರ್ಡು ಬೀಗ ಹಾಕಿಕೊಂಡೇ ಇರಲಿ. ಅದರ ಪಕ್ಕದಲ್ಲಿ ಎಂಟು ಹತ್ತು ಮಂದಿಯ ಗೋಷ್ಠಿಗಳು ಏಳಬೇಕು. ಒಬ್ಬರ ಮುಖ ಒಬ್ಬರಿಗೆ ಗೊತ್ತಿರಬೇಕು. ಯಾರೊಡನೆ ಇರಬೇಕೆಂಬುದನ್ನು ಹುಡುಗಿಯರು ತಾವೇ ಆರಿಸಿಕೊಳ್ಳಬೇಕು. ಮೊದಲ ಭೇಟಿ ಮಾತ್ರ ಕಾಲೇಜಿನಲ್ಲಿ, ಎದುರುಬದುರು ಕುಳಿತು ಆಗಲೇಬೇಕು. ನಮ್ಮ ರಾಜ್ಯದ ಸರ್ಕಾರಿ ಪ್ರೌಢಶಾಲೆಯ ಉಪಾಧ್ಯಾಯರಿಗಾಗಿ 2011ರ ಸುಮಾರಿಗೆ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯವರು 'ಐಟಿ ಫಾರ್ ಚೇಂಜ್' ಸಂಸ್ಥೆಯೊಡನೆ ವಿಷಯ ಶಿಕ್ಷಕರ ವೇದಿಕೆಗಳನ್ನು ಕಟ್ಟಿದಾಗ ಮಾಡಿದ್ದೂ ಹಾಗೆಯೇ: ಮೊದಲು ಕಾರ್ಯಾಗಾರಗಳಲ್ಲಿ ಕೂಡಿಸಿದರು, ಆಮೇಲೆ ಇ-ಮೇಲಿನಲ್ಲಿ ಮಾತು ಮುಂದುವರಿಯಿತು. ಗಣಿತದ ಮೇಷ್ಟ್ರುಗಳು ಒಂದು ಲೆಕ್ಕದ ಬಗ್ಗೆ ಕನ್ನಡದಲ್ಲಿಯೇ ಊರಿಂದೂರಿಗೆ ಚರ್ಚೆ ನಡೆಸಿದರು. ಗುರುಗಳಿಗೆ ಸಾಧ್ಯವಾದದ್ದು ಶಿಷ್ಯರಿಗೆ ಆಗದೆ?

ಭಾಷೆಯ ಮಾತು ಬಂತು. ಸ್ವಯಂ ಪಾಠಗಳು ಬಹುಪಾಲು ಇಂಗ್ಲಿಷಿನಲ್ಲಿವೆ. ಅವುಗಳ ಜೊತೆಗಿರುವ ಚರ್ಚೆಯ ಪುಟದಲ್ಲಿ ಪ್ರಶ್ನೆ ಕೇಳಲು ನಮ್ಮಲ್ಲಿ ಎಷ್ಟೋ ಜನರ ಬೆರಳು ಏಳುವುದಿಲ್ಲ. ಗೋಷ್ಠಿಯಲ್ಲಿ ಬರೆಯುವ ಗೊಡವೆಯೇ ಬೇಡ. ಬಾಯಿಂದ ಹೇಳಿ ಧ್ವನಿ ಸಂದೇಶ ಕಳುಹಿಸಿದರೆ ಸಾಕು. ಬಸ್ಸಿನಲ್ಲಿ ಕುಳಿತು ಕೇಳಬಹುದು. "ಹದಿನಾಲ್ಕನೇ ನಿಮಿಷದಲ್ಲಿ ಅವರು ಏನಂದರು?" ಎಂದು ಒಬ್ಬ ಕೇಳುತ್ತಾನೆ, ಇನ್ನೊಬ್ಬಳು ತಿಳಿದಷ್ಟು ಹೇಳುತ್ತಾಳೆ, ಮೂರನೆಯವನು ತಿದ್ದುತ್ತಾನೆ. ಹಳೆಯ ಗೋಷ್ಠಿಯಂತೆ ಒಬ್ಬ ಸಂಚಾಲಕ ಇರಲಿ, ತಿಂಗಳಿಗೊಬ್ಬರಂತೆ ಸರದಿಯ ಮೇಲೆ. ಬಗೆಹರಿಯದ ಪ್ರಶ್ನೆಗಳನ್ನು ವಾರಕ್ಕೊಮ್ಮೆ ಒಟ್ಟುಮಾಡಿ ಅಧ್ಯಾಪಕರಿಗೆ ಕೊಡುವುದು, ಎರಡು ದಿನ ದನಿಯೇ ಇಲ್ಲದವರಿಗೆ ಫೋನು ಮಾಡಿ ವಿಚಾರಿಸುವುದು, ಇವೆರಡೇ ಅವನ ಕೆಲಸ. ಸ್ಮಾರ್ಟ್ ಫೋನು ಇಲ್ಲದವರಿಗೆ ಮಾಮೂಲಿ ಕರೆ ಹೋಗಬೇಕು. ಇದನ್ನು ಮರೆತರೆ ಗೋಷ್ಠಿಯೂ ಉಳ್ಳವರ ಕ್ಲಬ್ಬಾಗುತ್ತದೆ.

ಇನ್ನು ಅಧ್ಯಾಪಕರು. ಅವರ ಮೇಲೆ ಮತ್ತೊಂದು ಹೊರೆ ಹೇರುವುದು ನ್ಯಾಯವಲ್ಲ. ಸರ್ಕಾರಿ ಕಾಲೇಜುಗಳಲ್ಲಿ ಪಾಠದ ದೊಡ್ಡ ಭಾಗವನ್ನು ಹೊತ್ತಿರುವವರು ಅತಿಥಿ ಉಪನ್ಯಾಸಕರು; ಅವರ ಸಂಜೆಯನ್ನೂ ಮೊಬೈಲಿಗೆ ಒಪ್ಪಿಸಿರೆಂದು ಕೇಳುವ ಮುಖ ನಮಗಿಲ್ಲ. ವಾರಕ್ಕೊಮ್ಮೆ ಅರ್ಧ ಗಂಟೆ ಆ ಪ್ರಶ್ನೆಗಳ ಪಟ್ಟಿಗೆ ಉತ್ತರ ಹೇಳಿದರೆ ಸಾಕು. ಆ ಅರ್ಧ ಗಂಟೆಯನ್ನು ಕೆಲಸದ ವೇಳೆಯೊಳಗೇ ಲೆಕ್ಕ ಹಿಡಿಯಬೇಕು. ಗೋಷ್ಠಿಯ ಒಳಗೆ ಅವರು ಇರಬೇಕೇ ಬೇಡವೇ ಎಂಬುದರಲ್ಲಿ ನಮ್ಮೊಳಗೇ ಭಿನ್ನಾಭಿಪ್ರಾಯವಿದೆ. ಇದ್ದರೆ ತಪ್ಪು ಮಾತು ಹಬ್ಬುವುದಿಲ್ಲ ಎಂದು ಕೆಲವರು. ಇದ್ದರೆ ಮಾತೇ ಹುಟ್ಟುವುದಿಲ್ಲ ಎಂದು ನಾನು. ಮೊಗಸಾಲೆಗೆ ಪ್ರಿನ್ಸಿಪಾಲರು ಬಂದಾಗ ಏನಾಗುತ್ತದೆಂಬುದನ್ನು ಎಲ್ಲರೂ ಬಲ್ಲರು.

ಸ್ವಯಂ ಪಾಠಗಳು ಜನವರಿ, ಜುಲೈ ಎಂದು ವರ್ಷಕ್ಕೆ ಎರಡು ಸಲ ಆರಂಭವಾಗುತ್ತವೆ. ಈ ಸಲ ನಮ್ಮ ಕಾಲೇಜಿನಿಂದ ಹೆಸರು ಕೊಡುವವರ ಪಟ್ಟಿಯನ್ನು ಕಚೇರಿಯ ಕಡತದಲ್ಲಿ ಕಟ್ಟಿಡದೆ ಗ್ರಂಥಾಲಯದ ಬಾಗಿಲಿಗೆ ಅಂಟಿಸಬೇಕೆಂದು ಕೇಳಿದ್ದೇವೆ: ಹೆಸರು, ತರಗತಿ, ಪಾಠ, ಇಷ್ಟೇ, ಫೋನ್ ನಂಬರು ಬೇಡ. ಗ್ರಂಥಪಾಲಕರು ಒಪ್ಪಿದ್ದಾರೆ. ಮೊದಲ ಗೋಷ್ಠಿಗೆ ಆರು ಮಂದಿ ಸಿಕ್ಕಿದ್ದಾರೆ; ಎರಡು ಬಸ್ಸು ಬದಲಿಸಿ ಬರುವ ಗೆಳತಿ ಅದೇ ಪಾಠಕ್ಕೆ ಮತ್ತೆ ಹೆಸರು ಕೊಡುವುದಾಗಿ ಹೇಳಿದ್ದಾಳೆ. ಇನ್ನು ಇಬ್ಬರಿಗೆ ಜಾಗವಿದೆ.