ಡೋಲಿನ ಪೆಟ್ಟ್ ಅಕ್ಕ್, ನುಡಿ ಕೊಡುಕಾತಿಲ್ಲ

ನನ್ನ ಅಕ್ಕನ ಮಗ ಬೆಂಗಳೂರಿನಲ್ಲಿದ್ದಾನೆ. ಹಗಲು ಸಾಫ್ಟ್‌ವೇರ್, ರಾತ್ರಿ ಲ್ಯಾಪ್‌ಟಾಪಿನಲ್ಲೇ ಸಂಗೀತ. ಹೋದ ವರ್ಷ ನಮ್ಮನೆ ಕೋಲಕ್ಕೆ ನಾಲ್ಕು ದಿನ ಇರುವಾಗ ಫೋನ್ ಮಾಡಿ, "ಮಾವಾ, ಡೋಲು, ಕೂಗು, ನುಡಿ ಎಲ್ಲ ರೆಕಾರ್ಡ್ ಮಾಡಿ ಕಳ್ಸಿ, ಒಂದ್ ಟ್ರ್ಯಾಕ್ ಮಾಡ್ತೆ" ಅಂದ. ನನಗೂ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ನಮ್ಮನೆ ದೈವ, ನಮ್ಮನೆ ಖರ್ಚು, ನನ್ನ ಮೊಬೈಲು... ಕೇಳುವುದು ಯಾರನ್ನ?

ಸುಮ್ಮನೆ ಬಾಯಿಮಾತಿಗೆ ಅಂತ ಕೋಲ ಕಟ್ಟುವ ಪಾಣರ ಹಿರಿಯರ ಹತ್ತಿರ ಹೇಳಿದೆ. ಅವರು ಎಲೆಯಡಿಕೆ ಜಗಿಯುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಡೋಲಿನ ಪೆಟ್ಟ್ ಬೇಕಾರೆ ತಕಂಡ್ ಹೋಪ್ಲಕ್ಕ್. ನುಡಿ ಕೊಡುಕಾತಿಲ್ಲ. ಅದ್ ನಂದಲ್ಲ ಅಲ್ದಾ?" ಅಂದರು.

ಘಟ್ಟದ ಮೇಲಿನವರಿಗೆ ಒಂದು ಮಾತು ಹೇಳಬೇಕು. ಚಿಕ್ಕಮ್ಮ, ಹಾಯ್ಗುಳಿ, ನಂದಿ ಇವೆಲ್ಲ ನಮ್ಮ ಕಡೆಯ ದೈವಗಳು. ದರ್ಶನ ಬಂದಾಗ ಆಡುವ ಮಾತೇ ನುಡಿ. ಅದು ಎದುರು ಕೈ ಮುಗಿದು ನಿಂತ ಮನೆಯವರಿಗೆ ಹೇಳಿದ್ದು. ಜಾಗದ ಜಗಳ, ಆಗದ ಮದುವೆ, ಹೋದ ಮಗ ಎಲ್ಲ ಅದರಲ್ಲಿ ಬರುತ್ತೆ. ಅದರ ಮೇಲೆ ಬೇಸ್ ಹಾಕಿ ಪಬ್ಬಿನಲ್ಲಿ ಬಿಟ್ಟರೆ ಹೇಗಿರುತ್ತೆ ಅಂತ ನಾನು ಅಲ್ಲಿಯವರೆಗೆ ಯೋಚಿಸಿಯೇ ಇರಲಿಲ್ಲ.

ಇದೆಲ್ಲ ಜೋರಾಗಿದ್ದು 2022ರ ಸೆಪ್ಟೆಂಬರ್ 30ಕ್ಕೆ ‘ಕಾಂತಾರ’ ಬಂದ ಮೇಲೆ. (ಚಿತ್ರ ತೆಗೆದದ್ದು ನಮ್ಮ ಕೆರಾಡಿಯಲ್ಲಿ, ದೈವಗಳು ಮಾತ್ರ ತುಳುನಾಡಿನ ಪಂಜುರ್ಲಿ, ಗುಳಿಗ. ನಮ್ಮ ಹಾಯ್ಗುಳಿ ಏನು ಪಾಪ ಮಾಡಿತ್ತೋ! ಇರ್ಲಿ ಬಿಡಿ.) ಅಜನೀಶ್ ಲೋಕನಾಥ್ ಸಂಗೀತ ನನಗೆ ಇಷ್ಟವಾಯ್ತು, ಸುಳ್ಳು ಯಾಕೆ ಹೇಳಲಿ. ಆದರೆ ಆಮೇಲೆ ಆ ಕೂಗು ರಿಂಗ್‌ಟೋನ್ ಆಯ್ತು, ರೀಲ್ಸ್ ಆಯ್ತು, ಗಣಪತಿ ಬಿಡುವಾಗ ಲಾರಿ ಮೇಲಿನ ಡಿಜೆಯೂ ಆಯ್ತು. ‘ವರಾಹ ರೂಪಂ’ ನಮ್ಮ ‘ನವರಸಂ’ನ ನಕಲು ಅಂತ ಕೇರಳದ ತೈಕ್ಕುಡಂ ಬ್ರಿಡ್ಜ್ ತಂಡ ಕೋರ್ಟಿಗೆ ಹೋದಾಗ ಊರೆಲ್ಲ ರಾಗ, ಗಿಟಾರು ಅಂತ ಚರ್ಚೆ ಮಾಡಿತು. ಎರಡೂ ಕಡೆಯವರಿಗೆ ವಕೀಲರಿದ್ದರು. ಕೂಗು ಯಾರದ್ದು ಅಂತ ಕೇಳಲಿಕ್ಕೆ ಮಾತ್ರ ಯಾರೂ ಇರಲಿಲ್ಲ. ಅದೇ ಅಕ್ಟೋಬರಿನಲ್ಲಿ ಸರ್ಕಾರ 60 ವರ್ಷ ದಾಟಿದ ದೈವನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನ ಘೋಷಿಸಿತು. ಒಳ್ಳೆಯದೇ, ಆದರೆ ಹಕ್ಕಿನ ಪ್ರಶ್ನೆಗೆ ಅದು ಉತ್ತರ ಅಲ್ಲ.

"ಜಾನಪದಕ್ಕೆ ಎಂತ ಕಾಪಿರೈಟ್ ಮಾವಾ" ಅಂತ ಹುಡುಗ ವಾದ ಹೂಡಿದ. ಹಾಡಿಗೆ ಇಲ್ಲದೆ ಇರಬಹುದು, ಹಾಡಿದವನ ಗಂಟಲಿಗೆ ಇದೆ. ನಮ್ಮ ಕಾಪಿರೈಟ್ ಕಾಯ್ದೆಯಲ್ಲಿ ಪ್ರದರ್ಶಕ ಅಂದರೆ ಗಾಯಕ, ನರ್ತಕ ಮಾತ್ರ ಅಲ್ಲ, ಹಾವಾಡಿಗ ಕೂಡ ಸೇರಿದ್ದಾನೆ! ಅವನ ಹಕ್ಕು 50 ವರ್ಷ ಇರುತ್ತೆ. 2012ರ ತಿದ್ದುಪಡಿ ಆದ ಮೇಲೆ ವ್ಯಾಪಾರಕ್ಕೆ ಬಳಸಿದರೆ ರಾಯಲ್ಟಿಯೂ ಕೊಡಬೇಕು. ಇದು ಕೋಲ ಕಟ್ಟುವವರ ಕಿವಿಗೆ ಮುಟ್ಟಿಲ್ಲ ಅಷ್ಟೆ.

ಹೊರಗಿನವರೂ ಇದೇ ಕೆಲಸ ಮಾಡಿ ಪೆಟ್ಟು ತಿಂದಿದ್ದಾರೆ. 90ರ ದಶಕದಲ್ಲಿ ಎನಿಗ್ಮಾದ ‘ರಿಟರ್ನ್ ಟು ಇನ್ನೊಸೆನ್ಸ್’ ಕೇಳದವರು ಕಡಿಮೆ. ಅದರಲ್ಲಿ ಕೇಳಿಸುವ ಮುದಿ ದನಿ ತೈವಾನಿನ ಅಮಿಸ್ ಬುಡಕಟ್ಟಿನ ಡಿಫಾಂಗ್ ಎಂಬ ರೈತನದ್ದು. 1996ರ ಅಟ್ಲಾಂಟಾ ಒಲಿಂಪಿಕ್ಸ್ ಪ್ರಚಾರಕ್ಕೂ ಆ ಹಾಡು ಹೋಯ್ತು. ಅವನನ್ನ ಕೇಳಿದವರಿಲ್ಲ. 1998ರಲ್ಲಿ ಕೇಸು ಹಾಕಿದ, ಮರುವರ್ಷ ರಾಜಿಯಾಯ್ತು. ಬೇರೆ ದಾರಿಯೂ ಇದೆ. ಡಿಜೆ ಅಲೋಕ್ ಅಂತ ಒಬ್ಬ (ಹೆಸರು ನಮ್ಮದೇ, ಮನುಷ್ಯ ಬ್ರೆಜಿಲಿನವ) ಹುನಿ ಕುಯಿನ್, ಯವನವಾ ಮುಂತಾದ ಬುಡಕಟ್ಟುಗಳ ಹಾಡುಗಾರರನ್ನೇ ಸ್ಟುಡಿಯೋಗೆ ಕರೆದು ಜೊತೆಗೆ ಕೂತು ಹಾಡಿಸಿದ. 2024ರಲ್ಲಿ ಆಲ್ಬಂ ಬಂತು, ಅದರ ರಾಯಲ್ಟಿ ಅವರಿಗೇ ಅಂದ.

ನಮ್ಮಲ್ಲಿ ಹೀಗಾಗುವುದು ಕಷ್ಟ ಅಂತ ನನಗೆ ಅನ್ನಿಸುವುದಕ್ಕೆ ಕಾರಣ ಇದೆ. ಕೊರಗರ ಡೋಲು ನೋಡಿ. ಕಂಬಳಕ್ಕೆ, ಜಾತ್ರೆಗೆ ಬಂದು ಬಾರಿಸಲೇಬೇಕು ಅಂತ ತಲೆತಲಾಂತರ ಅವರನ್ನ ಕಟ್ಟಿಹಾಕಿದ್ದು ನಾವೇ. ಅಜಲು ಪದ್ಧತಿ ನಿಷೇಧಕ್ಕೆ 2000ದಲ್ಲಿ ಕಾಯ್ದೆಯೇ ಬರಬೇಕಾಯ್ತು. 2021ರ ಡಿಸೆಂಬರ್ 27ರ ರಾತ್ರಿ ಕೋಟತಟ್ಟಿನಲ್ಲಿ ಅದೇ ಕೊರಗರ ಮನೆಯ ಮೆಹೆಂದಿಯಲ್ಲಿ ಡಿಜೆ ಹಾಕಿದ್ದಕ್ಕೆ, ಸದ್ದು ಜೋರಾಯ್ತು ಅಂತ ಪೊಲೀಸರು ಬಂದರು, ಲಾಠಿ ಬೀಸಿದರು. ಸುದ್ದಿಯಾಗಿ ಎಸ್.ಐ. ಅಮಾನತಾದರು. ಅವರ ಡೋಲನ್ನ ನಾವು ಡಿಜೆಯಲ್ಲಿ ಸೇರಿಸಿ ಕುಣಿದರೆ ಫ್ಯೂಶನ್. ಅವರೇ ಡಿಜೆ ಹಾಕಿಕೊಂಡರೆ ಗಲಾಟೆ. ಈ ಲೆಕ್ಕ ಸರಿಯಾಗದೆ ‘ಸಮ್ಮಿಲನ’ ಗಿಮ್ಮಿಲನ ಅನ್ನುವುದರಲ್ಲಿ ನನಗೆ ನಂಬಿಕೆ ಇಲ್ಲ.

ಹಾಗಂತ ದೈವದ ಸದ್ದನ್ನ ಕಂಪ್ಯೂಟರಿಗೆ ಮುಟ್ಟಿಸಲೇಬಾರದು ಅನ್ನುವ ಗುಂಪಿಗೂ ನಾನು ಸೇರಿದವನಲ್ಲ. ಅವರಲ್ಲಿ ಎಷ್ಟೋ ಜನ ಕೋಲ ಕಟ್ಟುವವರಿಗೆ ಇವತ್ತಿಗೂ ಜಗಲಿ ಕೆಳಗೇ ಊಟ ಬಡಿಸುವವರು. ಏನು ಕೊಡಬಹುದು, ಏನು ಕೊಡಬಾರದು ಅಂತ ಹೇಳುವ ಅಧಿಕಾರ ಅವರದ್ದೂ ಅಲ್ಲ, ಖರ್ಚು ಮಾಡುವ ನನ್ನದೂ ಅಲ್ಲ, ಕಟ್ಟುವವರದ್ದು.

ಹುಡುಗನಿಗೆ ಇಷ್ಟೇ ಹೇಳಿದೆ: ನಾನು ರೆಕಾರ್ಡ್ ಮಾಡಿ ಕಳಿಸುವುದಿಲ್ಲ, ನೀನೇ ಬಂದು ಅವರ ಮನೆಯಲ್ಲಿ ಕೂತು ಕೇಳು. ಬಂದ. ಒಂದು ಹಾಳೆಯಲ್ಲಿ ಹೆಸರು ಯಾರದ್ದು, ದುಡ್ಡು ಬಂದರೆ ಪಾಲು ಎಷ್ಟು ಅಂತ ಬರೆದು ಇಬ್ಬರೂ ಸಹಿ ಹಾಕಿದರು. ಡೋಲು ಮಾತ್ರ ರೆಕಾರ್ಡ್ ಆಯ್ತು. ತಿಂಗಳು ಬಿಟ್ಟು ಟ್ರ್ಯಾಕ್ ತಂದು ಅವರ ಕಿವಿಗೆ ಹೆಡ್‌ಫೋನ್ ಹಾಕಿದ. ಪೂರ್ತಿ ಕೇಳಿ ಹೆಡ್‌ಫೋನ್ ತೆಗೆದು, "ನಡುವಲ್ ಒಂದ್ ಪೆಟ್ಟ್ ಬಿಟ್ ಹೋಯ್ತಲ್ದಾ ಮಗಾ" ಅಂದರು. ಅವ ಅದನ್ನ ಸರಿ ಮಾಡಲಿಕ್ಕೆ ಇನ್ನೊಮ್ಮೆ ಬರುವವನಿದ್ದಾನೆ.