ವಿಳಾಸ ಇದ್ದವರಿಗೆ ನೋಟಿಸು

ಲೀಗಲ್ ನೋಟಿಸು ತಲುಪಬೇಕಾದರೆ ಮೊದಲು ಒಂದು ವಿಳಾಸ ಬೇಕು. ಉಳಿದದ್ದೆಲ್ಲ ಸಿದ್ಧ ಪಠ್ಯ. ಎರಡು ಮೂರು ಪುಟ, ಮೇಲೆ ವಕೀಲರ ಲೆಟರ್‌ಹೆಡ್ಡು, ‘ನನ್ನ ಕಕ್ಷಿದಾರರ ಸೂಚನೆಯ ಮೇರೆಗೆ’ ಎಂಬ ಶುರು, ನಡುವೆ ಅಂಕಿ ಹಾಕಿದ ಪ್ಯಾರಾಗಳು. ಈ ನೋಟಿಸು ತಲುಪಿದ ಹದಿನೈದು ದಿನಗಳೊಳಗೆ ಬೇಷರತ್ ಕ್ಷಮೆ ಯಾಚಿಸದಿದ್ದರೆ ಸಿವಿಲ್ ಮತ್ತು ಕ್ರಿಮಿನಲ್ ಕ್ರಮ, ಅದರ ಖರ್ಚುವೆಚ್ಚಕ್ಕೂ ನೀವೇ ಹೊಣೆ ಎಂದು ಮುಕ್ತಾಯ. ಆನೇಕಲ್ ಕೋರ್ಟಿನ ಆಸುಪಾಸಿನಲ್ಲಿ ಇಂಥದ್ದನ್ನು ಅರ್ಧ ಗಂಟೆಯಲ್ಲಿ ಟೈಪ್ ಮಾಡಿಸಿಕೊಂಡು ಬರಬಹುದು. ಮೊದಲು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಬರುತ್ತಿತ್ತು. 2025ರ ಸೆಪ್ಟೆಂಬರಿನಲ್ಲಿ ಅಂಚೆ ಇಲಾಖೆ ಅದನ್ನು ಸ್ಪೀಡ್ ಪೋಸ್ಟಿನೊಳಗೆ ವಿಲೀನ ಮಾಡಿದ್ದರಿಂದ ಹೆದರಿಕೆಯೂ ಈಗ ಒಂದೆರಡು ದಿನ ಬೇಗ ಬರುತ್ತದೆ.

ನೋಟಿಸು ತೀರ್ಪಲ್ಲ. ಎಷ್ಟೋ ನೋಟಿಸುಗಳ ಹಿಂದೆ ಕೇಸೇ ಬರುವುದಿಲ್ಲ. ಅದು ಗೆಲ್ಲಬೇಕಾದದ್ದು ಮನೆಯೊಳಗೆ. ಬೊಮ್ಮಸಂದ್ರದ ಕಾರ್ಖಾನೆಯೊಂದರಲ್ಲಿ ಕಾಂಟ್ರಾಕ್ಟ್ ಮೇಲಿರುವ ಹುಡುಗನೊಬ್ಬ, ರಾಜಕಾಲುವೆಗೆ ರಾತ್ರಿ ಹೊತ್ತು ಬಣ್ಣದ ನೀರು ಬಿಡುವುದನ್ನು ಮೊಬೈಲಿನಲ್ಲಿ ಹಿಡಿದು ಫೇಸ್‌ಬುಕ್ಕಿಗೆ ಹಾಕಿದ ಅಂದುಕೊಳ್ಳಿ. ಲಕೋಟೆ ಬಂದ ದಿನ ಅಪ್ಪನಿಗೆ ಅದನ್ನು ಓದಲು ಬರುವುದಿಲ್ಲ, ಇಂಗ್ಲಿಷಿನಲ್ಲಿದೆ. ಲೆಟರ್‌ಹೆಡ್ಡು ನೋಡಿದರೇ ಸಾಕು. ‘ಸುಮ್ನಿರಪ್ಪ, ಯಾಕ್ ಬೇಕು ನಮ್ಗೆ ದೊಡ್ಡೋರ ಸವಾಸ’ ಎನ್ನುತ್ತಾನೆ. ಸಂಜೆಯೊಳಗೆ ವಿಡಿಯೊ ಅಳಿಸಿಹೋಗಿರುತ್ತದೆ.

ಅದೇ ಫೋನಿಗೆ ಇನ್ನೊಂದು ಬಗೆಯ ಮಾತೂ ಬರುತ್ತದೆ. ಬರೆದವನಿಗೆ ಹೆಸರಿಲ್ಲ, ಊರಿಲ್ಲ, ಕೆಲವೊಮ್ಮೆ ದೇಶವೇ ಬೇರೆ. ಗಲಭೆ ಎಬ್ಬಿಸುವ, ಜನರನ್ನು ಊರು ಬಿಡಿಸುವ, ಯುದ್ಧದ ಹೊತ್ತಿನಲ್ಲಿ ದಿಕ್ಕು ತಪ್ಪಿಸುವ ಮಾತು ಅದು. ಅವನಿಗೆ ಯಾವ ನೋಟಿಸೂ ಮುಟ್ಟುವುದಿಲ್ಲ. ಅಂತರ್ಜಾಲ ರಣರಂಗವಾಗಿದೆ, ಆದ್ದರಿಂದ ಕಾನೂನು ಬಿಗಿಯಾಗಬೇಕು ಎಂದು ಪಕ್ಷಭೇದವಿಲ್ಲದೆ ಎಲ್ಲರೂ ಹೇಳುವ ಕಾಲ ಇದು. ನನ್ನ ತಕರಾರು ಇಷ್ಟೇ: ಬಿಗಿ ಮಾಡಿದ ಕಾನೂನು ಹೋಗಿ ಬೀಳುವುದು ವಿಳಾಸ ಇರುವವರ ಮೇಲೆ, ಈ ಯುದ್ಧದಲ್ಲಿ ನಮ್ಮ ಪರವಾಗಿ ಕಾವಲು ನಿಲ್ಲಬಲ್ಲವರೂ ಅವರೇ.

2015ರ ಜೂನ್‌ನಲ್ಲಿ ಬೆಂಗಳೂರಿನ ಪ್ರೋಗ್ರಾಮರ್ ತೇಜೇಶ್ ಜಿ.ಎನ್. ತಮ್ಮದೇ ಜಾಲತಾಣವನ್ನು ಏರ್‌ಟೆಲ್ 3ಜಿ ಸಂಪರ್ಕದಲ್ಲಿ ತೆರೆದಾಗ, ತಾವು ಬರೆಯದ ಒಂದು ತುಂಡು ಜಾವಾಸ್ಕ್ರಿಪ್ಟ್ ಅದರಲ್ಲಿ ಕೂತಿತ್ತು. ಅವರ ಸರ್ವರಿನಲ್ಲಿ ಅದಿರಲಿಲ್ಲ. ಅಂಚೆಯವನು ಕಾಗದ ಒಡೆದು ತನ್ನದೊಂದು ಚೀಟಿ ಒಳಗಿಟ್ಟು ಮತ್ತೆ ಅಂಟಿಸಿ ತಂದುಕೊಟ್ಟ ಹಾಗೆ, ಕೋಡು ದಾರಿಯಲ್ಲಿ ಸೇರಿಕೊಂಡಿತ್ತು. ಅವರು ಕಂಡದ್ದನ್ನು ಕಂಡ ಹಾಗೆ ಗಿಟ್‌ಹಬ್‌ನಲ್ಲಿ ಸಾಕ್ಷಿ ಸಮೇತ ಹಾಕಿದರು. ಕೆಲವೇ ದಿನಗಳಲ್ಲಿ ನೋಟಿಸು ಬಂತು. ಕಳಿಸಿದ್ದು ಮುಂಬೈಯ ವಕೀಲರ ಸಂಸ್ಥೆ, ಇಸ್ರೇಲಿನ ಫ್ಲ್ಯಾಶ್ ನೆಟ್‌ವರ್ಕ್ಸ್ ಎಂಬ ಕಂಪನಿಯ ಪರವಾಗಿ. ಆ ಕೋಡು ಕಂಪನಿಯ ಸ್ವತ್ತು, ಅದನ್ನು ಬಹಿರಂಗ ಮಾಡಿದ್ದು ಅಪರಾಧ ಎಂಬುದು ವಾದ. ಕೇಳದೆ ಕರೆಯದೆ ತಮ್ಮ ಪುಟದೊಳಗೆ ಬಂದು ಕೂತದ್ದನ್ನು ಅವರು ಓದಿ ಹೇಳಿದ್ದೇ ಹಕ್ಕುಸ್ವಾಮ್ಯದ ಕಳ್ಳತನವಾಗಿಹೋಯಿತು. ಗಿಟ್‌ಹಬ್‌ಗೂ ದೂರು ಹೋಗಿ ಪುಟ ಇಳಿಯಿತು. ಗ್ರಾಹಕರ ಡೇಟಾ ಬಳಕೆ ಅಳೆಯಲು ಇಟ್ಟ ಸಾಧನ ಅದು, ನೋಟಿಸಿಗೂ ತನಗೂ ಸಂಬಂಧವಿಲ್ಲ ಎಂದು ಏರ್‌ಟೆಲ್ ಹೇಳಿತು. ಅಷ್ಟರಲ್ಲಿ ಸುದ್ದಿ ದೇಶವೆಲ್ಲ ಹರಡಿದ್ದರಿಂದ ನೋಟಿಸು ಕಳಿಸಿದವರ ಲೆಕ್ಕ ತಿರುಗುಮುರುಗಾಯಿತು ಎನ್ನಿ. ಆದರೆ ತೇಜೇಶ್ ಅವರಿಗೆ ಬೆನ್ನಿಗೆ ನಿಲ್ಲುವ ಗೆಳೆಯರಿದ್ದರು, ಸುದ್ದಿಮನೆಗಳಲ್ಲಿ ಪರಿಚಯವಿತ್ತು. ಬೊಮ್ಮಸಂದ್ರದ ಹುಡುಗನಿಗೆ ಅದ್ಯಾವುದೂ ಇಲ್ಲ.

ಈ ಪ್ರಕರಣಕ್ಕೆ ಇನ್ನೊಂದು ಮಗ್ಗುಲಿದೆ, ಅದರ ಬಗ್ಗೆ ಯಾರೂ ಹೆಚ್ಚು ಮಾತಾಡಿದ್ದು ನಾನು ನೋಡಿಲ್ಲ. ಅದಕ್ಕೆ ಮೂರು ತಿಂಗಳ ಹಿಂದೆ, 2015ರ ಮಾರ್ಚ್‌ನಲ್ಲಿ, ಇದೇ ಗಿಟ್‌ಹಬ್ ಮೇಲೆ ದಿನಗಟ್ಟಲೆ ದಾಳಿ ನಡೆದಿತ್ತು. ಚೀನಾದ ಬೈದು ಕಂಪನಿಯ ಸರ್ವರುಗಳಿಂದ ಬರಬೇಕಿದ್ದ ಕೋಡನ್ನು ದಾರಿಯಲ್ಲೇ ಬದಲಿಸಿ, ಏನೂ ಅರಿಯದ ಬಳಕೆದಾರರ ಬ್ರೌಸರುಗಳೇ ಗಿಟ್‌ಹಬ್ ಮೇಲೆ ಮುಗಿಬೀಳುವಂತೆ ಮಾಡಲಾಗಿತ್ತು. ಚೀನಾದ ಸೆನ್ಸಾರನ್ನು ದಾಟಲು ನೆರವಾಗುವ ಪುಟಗಳು ಅಲ್ಲಿದ್ದವು, ಗುರಿ ಅವೇ. ಟೊರಾಂಟೊದ ಸಿಟಿಜನ್ ಲ್ಯಾಬ್ ಏಪ್ರಿಲ್‌ನಲ್ಲಿ ಇದನ್ನೆಲ್ಲ ಬಿಡಿಸಿ ವರದಿ ಮಾಡಿ, ಆ ಯಂತ್ರಕ್ಕೆ ‘ಗ್ರೇಟ್ ಕ್ಯಾನನ್’ ಎಂದು ಹೆಸರಿಟ್ಟಿತು. ಬೆಂಗಳೂರಿನಲ್ಲಿ ಕಂಡದ್ದು ವ್ಯಾಪಾರದ ಸಾಧನ, ಅಲ್ಲಿ ಕಂಡದ್ದು ತೋಪು. ಉದ್ದೇಶ ಬೇರೆಯಾದರೂ ಕೈಚಳಕ ಒಂದೇ. ನಡುದಾರಿಯಲ್ಲಿ ಕೈ ಹಾಕಲು ಇಲ್ಲಿ ಆಸ್ಪದವಿದೆ ಎಂದು ಬಿಟ್ಟಿಯಾಗಿ ತೋರಿಸಿಕೊಟ್ಟ ನಾಗರಿಕನಿಗೆ ದೇಶ ಕೃತಜ್ಞವಾಗಿರಬೇಕಿತ್ತು. ಸಿಕ್ಕಿದ್ದು ಕ್ರಿಮಿನಲ್ ಕೇಸಿನ ಬೆದರಿಕೆ.

ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿ ಅಂಥವನಿಗೆ ಆಸರೆಯೂ ಇಲ್ಲ. 43ನೇ ಸೆಕ್ಷನ್ ಪ್ರಕಾರ ಮಾಲೀಕರ ಅನುಮತಿ ಇಲ್ಲದೆ ಕಂಪ್ಯೂಟರ್ ವ್ಯವಸ್ಥೆಯೊಳಗೆ ಇಣುಕುವುದೇ ತಪ್ಪು. ವಂಚನೆಯ ಉದ್ದೇಶವಿತ್ತು ಎಂದಾದರೆ 66ನೇ ಸೆಕ್ಷನ್ನಿನಲ್ಲಿ ಮೂರು ವರ್ಷದವರೆಗೆ ಜೈಲು. ಒಳ್ಳೆಯ ಮನಸ್ಸಿನಿಂದ ದೋಷ ಹುಡುಕಿ ತಿಳಿಸುವವನಿಗೆ ಬೇರೆ ಬಾಗಿಲು ಇಟ್ಟಿಲ್ಲ. 2017ರ ಮೇ ತಿಂಗಳಲ್ಲಿ ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿ, ಸರ್ಕಾರಿ ಜಾಲತಾಣಗಳಲ್ಲೇ ಸುಮಾರು 13 ಕೋಟಿ ಆಧಾರ್ ಸಂಖ್ಯೆಗಳು ತೆರೆದುಬಿದ್ದಿವೆ ಎಂದು ವರದಿ ಮಾಡಿದಾಗ ಆಧಾರ್ ಪ್ರಾಧಿಕಾರ ಕಾನೂನು ಕ್ರಮದ ಮಾತೆತ್ತಿ ಪತ್ರ ಬರೆದದ್ದು ಆ ಸಂಸ್ಥೆಗೇ. 2018ರ ಜನವರಿಯಲ್ಲಿ ಚಂಡೀಗಢದ ಟ್ರಿಬ್ಯೂನ್ ಪತ್ರಿಕೆಯ ವರದಿಗಾರ್ತಿಯ ಹೆಸರು ಎಫ್‌ಐಆರ್‌ನಲ್ಲಿ ಸೇರಿತು. ಆಧಾರ್ ಮಾಹಿತಿ ಎಷ್ಟು ಅಗ್ಗದಲ್ಲಿ ಸಿಗುತ್ತದೆ ಎಂದು ತೋರಿಸಿದ್ದಷ್ಟೇ ಆಕೆ ಮಾಡಿದ ಕೆಲಸ.

ಯುದ್ಧವೆಂದರೆ ಗಡಿಯ ಮಾತು, ಚಂದಾಪುರ ಸರ್ಕಲ್ಲಿನಲ್ಲಿ ಟ್ರಾಫಿಕ್ಕಿಗೆ ಸಿಕ್ಕಿಕೊಂಡವರಿಗೆ ಅದೇನು ಎಂದು ಕೇಳಬಹುದು. ಪೀಣ್ಯ, ಜಿಗಣಿಯ ಶೆಡ್ಡುಗಳಲ್ಲಿ ರಕ್ಷಣಾ ಕಂಪನಿಗಳಿಗೆ ಬಿಡಿಭಾಗ ಕಡೆಯುವ ಸಿಎನ್‌ಸಿ ಯಂತ್ರಗಳ ಸದ್ದು ಒಂದು ಕಡೆ ಇರಲಿ. ಪಾಕಿಸ್ತಾನದೊಡನೆ ಸಂಘರ್ಷ ಎದ್ದ ಹೊತ್ತಿನಲ್ಲಿ, 2025ರ ಮೇ 7ರಂದು ದೇಶದ 244 ಜಿಲ್ಲೆಗಳಲ್ಲಿ ನಾಗರಿಕ ರಕ್ಷಣೆಯ ಅಣಕು ಕವಾಯತು ನಡೆಸಲು ಕೇಂದ್ರ ಹೇಳಿತು. ನಮ್ಮ ರಾಜ್ಯದಲ್ಲಿ ಬೆಂಗಳೂರು, ಕಾರವಾರ, ರಾಯಚೂರು ಆ ಪಟ್ಟಿಯಲ್ಲಿದ್ದವು. ಸೈರನ್ ಕೂಗಿತು, ಬೆಂಕಿ ಆರಿಸಿ ತೋರಿಸಿದರು. ಅದು 1971ರ ಯುದ್ಧಕ್ಕೆ ತಕ್ಕ ಕವಾಯತು. ಈ ಸಲದ ಬಾಂಬು ಬೀಳುತ್ತಿದ್ದದ್ದು ವಾಟ್ಸಾಪಿನಲ್ಲಿ. ಕರಾಚಿ ಬಂದರು ಧ್ವಂಸವಾಯಿತು ಎಂದು ಹೆಸರಾಂತ ಟಿವಿ ಚಾನೆಲ್ಲುಗಳೇ ಒಂದು ರಾತ್ರಿ ಕೂಗಿದವು, ಆಗಿರಲಿಲ್ಲ. ಕರ್ನಲ್ ಸೋಫಿಯಾ ಖುರೇಷಿ ಪತ್ರಿಕಾಗೋಷ್ಠಿಯಲ್ಲಿ ಕಾಣಿಸಿಕೊಂಡ ಮೇಲೆ, ಅವರ ಗಂಡನ ಊರಾದ ಗೋಕಾಕ ತಾಲ್ಲೂಕಿನ ಕೊಣ್ಣೂರಿನ ಮನೆಯ ಮೇಲೆ ದಾಳಿಯಾಗಿದೆ ಎಂಬ ಪೋಸ್ಟೊಂದು ಎಕ್ಸ್‌ನಲ್ಲಿ ಓಡಾಡಿತು. ಬೆಳಗಾವಿ ಎಸ್‌ಪಿ ಅದು ಶುದ್ಧ ಸುಳ್ಳು, ಹಾಕಿದವನು ದೇಶದ ಹೊರಗಿನವನು ಎಂದು ಗಂಟೆಗಳೊಳಗೆ ಹೇಳಿದರು. ಬೆಂಕಿ ಹತ್ತಲಿಲ್ಲ. ಅಲ್ಲಿ ಕೆಲಸ ಮಾಡಿದ್ದು ಸೆಕ್ಷನ್ನಲ್ಲ. ಹೆಸರು, ಹುದ್ದೆ ಇರುವ ಒಬ್ಬ ಅಧಿಕಾರಿ ಮುಂದೆ ಬಂದು ಆಡಿದ ನಿಜ.

ಅದೇ ವಾರ 8,000ಕ್ಕೂ ಹೆಚ್ಚು ಖಾತೆಗಳನ್ನು ಭಾರತದಲ್ಲಿ ತಡೆಯಲು ಸರ್ಕಾರದಿಂದ ಆದೇಶ ಬಂದಿದೆ ಎಂದು ಎಕ್ಸ್ ಕಂಪನಿ ಪ್ರಕಟಿಸಿತು. ಯಾವ ಪೋಸ್ಟು ಕಾನೂನು ಮೀರಿತು ಎಂದು ಬಹುಪಾಲು ಖಾತೆಗಳ ವಿಷಯದಲ್ಲಿ ತಿಳಿಸಿಲ್ಲ, ಸುದ್ದಿಸಂಸ್ಥೆಗಳೂ ಅದರಲ್ಲಿವೆ ಎಂದೂ ಹೇಳಿತು. ಶತ್ರುವಿನ ಸುಳ್ಳು ಯಾವುದು, ನಮ್ಮವರ ಪ್ರಶ್ನೆ ಯಾವುದು ಎಂದು ಬೇರ್ಪಡಿಸಲು ಪುರುಸೊತ್ತಿಲ್ಲದ ಜರಡಿ ಅದು.

ಹಾಗೆಂದು ಸರ್ಕಾರ ಕೈಕಟ್ಟಿ ಕೂರಲಿ ಎನ್ನಲಾರೆ. 2012ರ ಆಗಸ್ಟ್ ನೆನಪಿರುವವರು ಹಾಗೆನ್ನುವುದಿಲ್ಲ. ಅಸ್ಸಾಮಿನ ಕೊಕ್ರಾಝಾರ್ ಗಲಭೆಯ ಬೆನ್ನಿಗೆ, ರಂಜಾನ್ ಮುಗಿಯುವುದರೊಳಗೆ ಈಶಾನ್ಯದವರ ಮೇಲೆ ದಾಳಿಯಾಗುತ್ತದೆ ಎಂಬ ಎಸ್ಸೆಮ್ಮೆಸ್ಸುಗಳು ಬೆಂಗಳೂರಿನಲ್ಲಿ ಹರಿದಾಡಿದವು. ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್ ಕಡೆಯ ಗೇಟುಗಳಲ್ಲಿ ಸೆಕ್ಯುರಿಟಿ ಕೆಲಸಕ್ಕಿದ್ದವರು, ಹೋಟೆಲ್ ಅಡುಗೆಮನೆಯವರು, ಬ್ಯೂಟಿ ಪಾರ್ಲರಿನ ಹುಡುಗಿಯರು ಬ್ಯಾಗು ಹೆಗಲಿಗೇರಿಸಿಕೊಂಡು ಸಿಟಿ ರೈಲ್ವೆ ಸ್ಟೇಷನ್ನಿಗೆ ಬಂದರು. ಗುವಾಹಟಿಗೆ ವಿಶೇಷ ರೈಲುಗಳನ್ನೇ ಬಿಡಬೇಕಾಯಿತು. ಗೃಹ ಸಚಿವರಾಗಿದ್ದ ಆರ್. ಅಶೋಕ ಪ್ಲಾಟ್‌ಫಾರ್ಮಿಗೆ ಹೋಗಿ, ಹೋಗಬೇಡಿ ಎಂದು ಕೇಳಿಕೊಂಡರು. ಹೆದರಿ ಹೊರಟವರ ಸಂಖ್ಯೆ ಸಾವಿರಗಳಲ್ಲಿತ್ತು. ಆ ಎಸ್ಸೆಮ್ಮೆಸ್ಸುಗಳಲ್ಲಿ ಹೇಳಿದ್ದ ದಾಳಿ ನಡೆಯಲೇ ಇಲ್ಲ. ಒಂದು ಗುಂಡೂ ಹಾರಿಸದೆ ಒಂದು ನಗರದಿಂದ ಒಂದು ಜನಾಂಗವನ್ನು ಎಬ್ಬಿಸುವುದು ಹೇಗೆ ಎಂದು ಕಲಿಯಬೇಕಾದವರು ಆ ವಾರ ನಮ್ಮಲ್ಲಿ ಕಲಿತಿರಬಹುದು.

ಆಗ ಕೇಂದ್ರ ಮಾಡಿದ ಒಂದು ಕೆಲಸವನ್ನು ನಾನು ಒಪ್ಪುತ್ತೇನೆ. ಒಬ್ಬರು ದಿನಕ್ಕೆ ಐದಕ್ಕಿಂತ ಹೆಚ್ಚು ಎಸ್ಸೆಮ್ಮೆಸ್ಸನ್ನು ಒಟ್ಟಿಗೆ ಕಳಿಸುವಂತಿಲ್ಲ ಎಂದು ಹದಿನೈದು ದಿನದ ಮಿತಿ ಹಾಕಿತು; ವಾರದೊಳಗೆ ಅದನ್ನು 20ಕ್ಕೆ ಏರಿಸಿತು. ತೊಂದರೆ ಎಲ್ಲರಿಗೂ ಆಯಿತು. ಆದರೆ ಅದು ಮಾತಿನ ವೇಗಕ್ಕೆ ಹಾಕಿದ ತಡೆ, ಮಾತಿಗೆ ಹಾಕಿದ್ದಲ್ಲ. ಏನು ಹೇಳಿದೆ, ಯಾರ ವಿರುದ್ಧ ಹೇಳಿದೆ ಎಂದು ಅದು ಕೇಳಲಿಲ್ಲ, ಹಾಕಿದ ಗಡುವಿನಾಚೆ ಉಳಿಯಲೂ ಇಲ್ಲ. ಮಾತನ್ನೇ ಅಪರಾಧ ಮಾಡುತ್ತಿದ್ದ, ಅದೇ ಕಾಲದಲ್ಲಿ ಜಾರಿಯಲ್ಲಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಸೆಕ್ಷನ್ನಿನ ಕತೆಯೇ ಬೇರೆ. ಅದೇ ವರ್ಷದ ನವೆಂಬರಿನಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಒಂದು ಫೇಸ್‌ಬುಕ್ ಪೋಸ್ಟಿಗೆ, ಅದನ್ನು ಲೈಕ್ ಮಾಡಿದ್ದಕ್ಕೆ ಇಬ್ಬರು ಯುವತಿಯರನ್ನು ಅದರಡಿ ಬಂಧಿಸಿದರು. 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ಆ ಸೆಕ್ಷನ್ನನ್ನು ಹೊಡೆದುಹಾಕಿದ ಮೇಲೂ ಪೊಲೀಸರು ಅದರಡಿ ಕೇಸು ಹಾಕುತ್ತಲೇ ಇದ್ದರು. ನಿಲ್ಲಿಸಿ ಎಂದು 2022ರಲ್ಲಿ ಕೋರ್ಟು ಮತ್ತೆ ಹೇಳಬೇಕಾಯಿತು.

ಇನ್ನು ವಿಳಾಸ ಮುಚ್ಚಿಟ್ಟುಕೊಂಡವನನ್ನು ಹಿಡಿಯುವುದು ಯಾರು? 2014ರಲ್ಲಿ ಐಸಿಸ್ ಪರವಾಗಿ ಟ್ವಿಟರಿನಲ್ಲಿ ಬಹಳ ದೊಡ್ಡ ದನಿಯಾಗಿದ್ದ ಖಾತೆಯೊಂದಕ್ಕೆ 17 ಸಾವಿರಕ್ಕೂ ಹೆಚ್ಚು ಹಿಂಬಾಲಕರಿದ್ದರು. ಅದನ್ನು ನಡೆಸುತ್ತಿದ್ದವನು ಸಿರಿಯಾದಲ್ಲೋ ಇರಾಕಿನಲ್ಲೋ ಇರಲಿಲ್ಲ. ಪೀಣ್ಯದ ಪಕ್ಕದ ಜಾಲಹಳ್ಳಿಯಲ್ಲಿ ಬಾಡಿಗೆಗಿದ್ದ, ಕಂಪನಿ ಕೆಲಸಕ್ಕೆ ಹೋಗಿಬರುತ್ತಿದ್ದ ಯುವಕ. ಅವನು ಬೆಂಗಳೂರಿನವನು ಎಂದು ಡಿಸೆಂಬರಿನಲ್ಲಿ ಬಯಲಿಗೆಳೆದದ್ದು ಲಂಡನ್ನಿನ ಚಾನೆಲ್ 4 ವರದಿಗಾರರು. ನಮ್ಮ ಪೊಲೀಸರು ಆಮೇಲೆ ಹೋಗಿ ಬಂಧಿಸಿದರು. ಬೆದರಿಸಿ ಬಾಯಿ ಮುಚ್ಚಿಸಬಹುದಾದ ಕಸುಬಿನವರೇ ಅಲ್ಲಿ ಕಾವಲಿದ್ದರು.

ಆ ಕಸುಬಿನವರಿಗೆ ನಮ್ಮ ಊರಿನ ಕೋರ್ಟುಗಳಲ್ಲಿ ಏನಾಗುತ್ತಿದೆ ನೋಡಿ. 2025ರ ಜುಲೈ 18ರಂದು ಧರ್ಮಸ್ಥಳದ ಸುತ್ತ ಎದ್ದ ಆರೋಪಗಳಿಗೆ ಸಂಬಂಧಿಸಿದ ಮಾನನಷ್ಟ ದಾವೆಯೊಂದರಲ್ಲಿ ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟ್, ಎದುರಾಳಿಗಳ ಮಾತು ಕೇಳುವ ಮೊದಲೇ ತಾತ್ಕಾಲಿಕ ತಡೆ ನೀಡಿತು. ತೆಗೆಯಬೇಕೆಂದು ಕೇಳಿದ್ದ ಕೊಂಡಿಗಳ ಸಂಖ್ಯೆ 8,842. ಆರೋಪಗಳ ಸತ್ಯಾಸತ್ಯ ತನಿಖೆ, ವಿಚಾರಣೆಗಳಲ್ಲಿ ತೀರ್ಮಾನವಾಗಬೇಕಾದದ್ದು. ಯೂಟ್ಯೂಬಿನಲ್ಲಿ ಹರಿದ ಮಾತಿನಲ್ಲಿ ಹೊಣೆಗೇಡಿತನ ಬೇಕಾದಷ್ಟಿತ್ತು, ಮಾನ ಕಾಪಾಡಿಕೊಳ್ಳುವ ಹಕ್ಕು ದಾವೆ ಹೂಡಿದವರಿಗೂ ಇದೆ. ನನ್ನ ಪ್ರಶ್ನೆ ಇಷ್ಟೇ: ಎಂಟು ಸಾವಿರ ಚಿಲ್ಲರೆ ಕೊಂಡಿಗಳನ್ನು ಯಾರಾದರೂ ಒಂದೊಂದಾಗಿ ಓದಿ, ಇದು ಸುಳ್ಳು, ಇದು ವರದಿ ಎಂದು ವಿಂಗಡಿಸಿರಲು ಸಾಧ್ಯವೇ? ಆಗಸ್ಟ್ 1ರಂದು ಒಂದು ಯೂಟ್ಯೂಬ್ ಚಾನೆಲ್ಲಿನ ಅರ್ಜಿಯ ಮೇಲೆ ಹೈಕೋರ್ಟು ಆ ಆದೇಶವನ್ನು ಬದಿಗೊತ್ತಿ, ಮತ್ತೆ ಪರಿಶೀಲಿಸುವಂತೆ ಕೆಳಗಿನ ಕೋರ್ಟಿಗೆ ಹೇಳಿತು. ವಿಚಾರಣೆಗೆ ಮುಂಚೆ ಇಂಥ ತಡೆ ಅಪರೂಪದಲ್ಲಿ ಅಪರೂಪವಾಗಿರಬೇಕೆಂದು 2024ರ ಮಾರ್ಚ್‌ನಲ್ಲಿ ಬ್ಲೂಮ್‌ಬರ್ಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿ ಆಗಿತ್ತು.

ಕಾನೂನೇ ಕೆಟ್ಟದ್ದು ಎಂಬ ತೀರ್ಮಾನಕ್ಕೆ ಜಾರುವುದು ಸುಲಭ. ಜಾರಬಾರದು. 2025ರ ಜುಲೈನಲ್ಲಿ, ರಷ್ಯಾ ಮೇಲಿನ ಯುರೋಪಿನ ನಿರ್ಬಂಧದ ನೆಪದಲ್ಲಿ ಮೈಕ್ರೋಸಾಫ್ಟ್ ಗುಜರಾತಿನ ನಯಾರಾ ತೈಲ ಕಂಪನಿಯ ಇಮೇಲ್ ಸೇವೆ ನಿಲ್ಲಿಸಿಬಿಟ್ಟಿತು. ಸಾವಿರಾರು ಮೈಲಿ ದೂರದ ಯುದ್ಧಕ್ಕೆ ಇಲ್ಲಿನ ಮೇಲ್‌ಬಾಕ್ಸ್ ಬಂದ್. ಕಂಪನಿ ದೆಹಲಿ ಹೈಕೋರ್ಟಿಗೆ ಹೋಯಿತು, ದಿನಗಳಲ್ಲಿ ಸೇವೆ ಮರಳಿತು. ದುಡ್ಡಿದ್ದವನ ಕೈಯಲ್ಲಿ ಕಾನೂನು ಗುರಾಣಿಯೂ ಆಗುತ್ತದೆ, ಖಡ್ಗವೂ ಆಗುತ್ತದೆ. ದುಡ್ಡಿಲ್ಲದವನಿಗೆ ಗುರಾಣಿ ಮಾತ್ರವಾದರೂ ಸಿಗುವಂತೆ ಮಾಡಬಹುದೇ ಎಂಬುದು ಪ್ರಶ್ನೆ.

ರಾಜ್ಯ ಸರ್ಕಾರದ ತಲೆಯಲ್ಲಿದ್ದದ್ದು ಬೇರೆ. 2025ರ ಜೂನ್‌ನಲ್ಲಿ ಹೊರಬಿದ್ದ ಸುಳ್ಳು ಸುದ್ದಿ ನಿಷೇಧದ ಕರಡು ಮಸೂದೆಯಲ್ಲಿ ಏಳು ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡ, ಸುಳ್ಳು ಯಾವುದೆಂದು ನೋಡಲು ಸಚಿವರ ಅಧ್ಯಕ್ಷತೆಯ ಪ್ರಾಧಿಕಾರ. ಕೊಣ್ಣೂರಿನ ಸುಳ್ಳು ಬರೆದ ಹೊರದೇಶದವನಿಗೆ ಅದರಿಂದ ಕೂದಲೂ ಕೊಂಕುವುದಿಲ್ಲ. ರಾಜಕಾಲುವೆಯ ವಿಡಿಯೊ ಹಾಕಿದವನಿಗೆ ಮಾತ್ರ ಹದಿನೈದು ದಿನದ ನೋಟಿಸಿನ ಜತೆ ಏಳು ವರ್ಷದ ಹೆದರಿಕೆಯೂ ಸೇರುತ್ತದೆ.

ಇದಕ್ಕಿಂತ ಅಗ್ಗದ ದಾರಿ ವಿಧಾನಸೌಧದ ಕೈಯಲ್ಲೇ ಇದೆ. ಸಿವಿಲ್ ಪ್ರಕ್ರಿಯಾ ಸಂಹಿತೆ ಸಮವರ್ತಿ ಪಟ್ಟಿಯಲ್ಲಿದೆ, ರಾಜ್ಯಗಳು ತಿದ್ದಬಹುದು. ಸಣ್ಣ, ಅತಿಸಣ್ಣ ರೈತರ ಮತ್ತು ಬಡವರ ಕೇಸುಗಳನ್ನು ಆರು ತಿಂಗಳೊಳಗೆ ಮುಗಿಸಬೇಕೆಂದು ಕರ್ನಾಟಕ ಅದನ್ನು ತಿದ್ದಿದೆ. ರಾಷ್ಟ್ರಪತಿಗಳ ಅಂಕಿತವೂ ಬಿದ್ದು 2024ರಲ್ಲಿ ಜಾರಿಗೆ ಬಂತು. ಅದೇ ಸಂಹಿತೆಗೆ ಇನ್ನೊಂದು ಸಣ್ಣ ಕಲಮು ಸೇರಿಸಬಹುದು: ಸಾರ್ವಜನಿಕ ಹಿತದ ಮಾತಿನ ಮೇಲೆ ಮಾನನಷ್ಟದ ದಾವೆ ಹೂಡುವವರು ಮೊದಲ ವಾಯಿದೆಯಲ್ಲೇ ತಮ್ಮ ಕೇಸಿನಲ್ಲಿ ಹುರುಳಿದೆ ಎಂದು ತೋರಿಸಬೇಕು, ಎದುರಾಳಿಯನ್ನು ಕೇಳದೆ ತಡೆ ಕೊಡಬಾರದು, ಕೇಸು ಬರೀ ಬೆದರಿಕೆ ಎಂದು ಕಂಡರೆ ಎದುರಾಳಿಯ ವಕೀಲರ ಫೀಸು ದಾವೆ ಹೂಡಿದವರ ಮೇಲೆ ಬೀಳಬೇಕು. ಮಸೂದೆ ಎರಡು ಪುಟ ಮೀರುವುದಿಲ್ಲ. ತೊಂದರೆ ಇರುವುದು ಅದನ್ನು ಮಂಡಿಸಬೇಕಾದವರಲ್ಲಿ. 2019ರ ಲೋಕಸಭಾ ಚುನಾವಣೆಯ ಹೊತ್ತಿಗೆ ಬೆಂಗಳೂರು ದಕ್ಷಿಣದ ಅಭ್ಯರ್ಥಿ 49 ಮಾಧ್ಯಮಗಳ ವಿರುದ್ಧ ಇಂಥದ್ದೇ ತಡೆ ತಂದಿದ್ದರು, ಹೈಕೋರ್ಟು ಅದನ್ನು ರದ್ದು ಮಾಡಿತು. 2021ರ ಮಾರ್ಚ್‌ನಲ್ಲಿ ಆಗಿನ ಸಂಪುಟದ ಆರು ಮಂದಿ ಸಚಿವರು ಒಟ್ಟಿಗೇ ಹೋಗಿ ಒಂದು ತಡೆ ತಂದರು, ತಮ್ಮ ಬಗ್ಗೆ ಇನ್ನೂ ಪ್ರಸಾರವೇ ಆಗದ ಸುದ್ದಿಗಳ ಮೇಲೆ.