ಸರಳ ಮನುಷ್ಯನ ಬೆಲೆ

"ಸರಳ ಸ್ವಭಾವದ ಮೃತರು ಶ್ರಮಜೀವಿಯಾಗಿ, ಪರೋಪಕಾರಿಯಾಗಿ ಜನಾನುರಾಗಿಯಾಗಿದ್ದರು. ಪತ್ನಿ, ಇಬ್ಬರು ಮಕ್ಕಳು ಹಾಗೂ ಅಪಾರ ಬಂಧು ಬಳಗವನ್ನು ಅಗಲಿದ್ದಾರೆ." ಊರಿನ ಪತ್ರಿಕೆಗಳಲ್ಲಿ ಇಂತಹ ಸಾಲುಗಳನ್ನು ಓದಿ ನಾವು ಮುಂದೆ ಸಾಗುತ್ತೇವೆ. ಈ ಮಾತುಗಳು ಸುಳ್ಳಲ್ಲ. ಆದರೆ ಅವು ಒಂದು ಬದುಕನ್ನು ಗುಣಗಳ ಪಟ್ಟಿಯಾಗಿ ಇಳಿಸಿಬಿಡುತ್ತವೆ. ಆ ಸರಳತೆಯ ಲಾಭ ಯಾರಿಗಾಯಿತು, ಆ ಶ್ರಮಕ್ಕೆ ಯಾವ ಬೆಲೆ ಸಂದಿತು ಎಂಬ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ.

ಹೊರನಾಡಿನ ಕನ್ನಡಿಗರಾದ ನಮಗೆ ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾಗದಂತೆ ಮುಂದಿಟ್ಟ ದಿನವೊಂದಿದೆ. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಉರುಳಿತು. ಅದರಲ್ಲಿದ್ದ 166 ಜನರಲ್ಲಿ 158 ಮಂದಿ ಸತ್ತರು. ಗುರುತು ಸಿಗದ 12 ದೇಹಗಳನ್ನು ಕೂಳೂರಿನ ಬಳಿ ಒಟ್ಟಿಗೆ ಮಣ್ಣು ಮಾಡಲಾಯಿತು. ಮಡಿದವರಲ್ಲಿ ಹಿರಿಯ ಅಧಿಕಾರಿಗಳಿದ್ದರು. ಅಂಗಡಿಗಳಲ್ಲಿ ದಿನವಿಡೀ ನಿಂತು ದುಡಿದು, ರಜೆ ಸಿಕ್ಕಾಗ ಊರಿಗೆ ಹೊರಟವರೂ ಇದ್ದರು.

ಈ ಎರಡನೆಯ ಬಗೆಯ ಮನುಷ್ಯನನ್ನು ಕರಾವಳಿಯ ಪ್ರತಿಯೊಂದು ಊರೂ ಬಲ್ಲದು. ಒಂದು ಕೋಣೆಯಲ್ಲಿ ಹಲವರೊಡನೆ ಮಲಗಿ, ಸರದಿಯಲ್ಲಿ ಅಡುಗೆ ಮಾಡಿ, ಸಂಬಳದ ಬಹುಪಾಲನ್ನು ಮನೆಗೆ ಕಳಿಸುವವನು. ತಂಗಿಯ ಮದುವೆ, ತಂದೆಯ ಔಷಧಿ, ಮನೆಯ ಸಾಲ, ಮಕ್ಕಳ ಶಾಲೆ ಎಲ್ಲವೂ ಅವನ ಹೆಗಲಿಗೆ. ಹೊಸದಾಗಿ ಬಂದ ಊರಿನ ಹುಡುಗನಿಗೆ ಕೆಲಸ ಸಿಗುವವರೆಗೆ ತನ್ನ ಕೋಣೆಯಲ್ಲೇ ಜಾಗ ಕೊಡುವವನು, ಕೆಲಸ ಕಳೆದುಕೊಂಡವನ ಟಿಕೆಟ್ಟಿಗೆ, ಸತ್ತವನ ದೇಹ ಊರು ಸೇರಲು ಚಂದಾ ಎತ್ತುವವನೂ ಅವನೇ.

ಇದನ್ನು ಬರಿಯ ಒಳ್ಳೆಯತನವೆಂದು ಹೊಗಳಿ ಸುಮ್ಮನಾಗಬಾರದು. ಕಫಾಲಾ ಪದ್ಧತಿಯಲ್ಲಿ ಕೆಲಸಗಾರನ ವೀಸಾ ಮಾಲೀಕನ ಹಿಡಿತದಲ್ಲಿರುತ್ತದೆ. ದುಬೈಯಲ್ಲಿ ಕಾರ್ಮಿಕ ಸಂಘ ಕಟ್ಟುವಂತಿಲ್ಲ. ಹಕ್ಕು ಕೇಳುವ ದಾರಿ ಇಲ್ಲದ ಕಡೆ ಜನ ಒಬ್ಬರಿಗೊಬ್ಬರು ಆಸರೆಯಾಗಿ ನಿಲ್ಲುತ್ತಾರೆ. ನಾವು ಪರೋಪಕಾರವೆನ್ನುವುದು ಸರ್ಕಾರಗಳೂ ಕಂಪನಿಗಳೂ ಮಾಡಬೇಕಿದ್ದ ಕೆಲಸ. ಅದನ್ನು ಅವನು ತನ್ನ ಅರೆಹೊಟ್ಟೆಯ ಉಳಿತಾಯದಿಂದ ಮಾಡಿದ.

ಅವನು ಸತ್ತ ಮೇಲೆ ಏನಾಯಿತು? ವಿಮಾನ ಪ್ರಯಾಣಿಕರ ಪರಿಹಾರ ಕುರಿತ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತ 2009ರಲ್ಲಿ ಸೇರಿತ್ತು. ಅದರಂತೆ ಪ್ರತಿಯೊಬ್ಬ ಮೃತನ ಮನೆಯವರಿಗೂ ಅಂದಿನ ಲೆಕ್ಕದಲ್ಲಿ ಸುಮಾರು 75 ಲಕ್ಷ ರೂಪಾಯಿ ಕನಿಷ್ಠ ಪರಿಹಾರ ಸಲ್ಲಬೇಕೆಂದು ಒಂದು ಕುಟುಂಬ ಕೇರಳ ಹೈಕೋರ್ಟಿನ ಮೊರೆ ಹೋಯಿತು. 2011ರಲ್ಲಿ ಏಕಸದಸ್ಯ ಪೀಠ ಅದನ್ನು ಒಪ್ಪಿತು. ಅದೇ ವರ್ಷ ವಿಭಾಗೀಯ ಪೀಠ ಆ ಆದೇಶವನ್ನು ತಳ್ಳಿಹಾಕಿತು: ಅದು ಕನಿಷ್ಠ ಮೊತ್ತವಲ್ಲ, ನಷ್ಟ ಎಷ್ಟೆಂದು ಕುಟುಂಬವೇ ಸಾಬೀತುಪಡಿಸಬೇಕು. ನಷ್ಟವೆಂದರೆ ಮುಖ್ಯವಾಗಿ ಸಂಬಳ. 2020ರಲ್ಲಿ ಸುಪ್ರೀಂ ಕೋರ್ಟ್ ಇದೇ ದುರಂತದಲ್ಲಿ ಮಡಿದ ಹಿರಿಯ ಅಧಿಕಾರಿಯೊಬ್ಬರ ಕುಟುಂಬಕ್ಕೆ 7.64 ಕೋಟಿ ರೂಪಾಯಿ ನೀಡಲು ಹೇಳಿತು. ಆ ಕುಟುಂಬಕ್ಕೆ ಸಂದದ್ದು ನ್ಯಾಯವೇ. ಆದರೆ ಅದೇ ವಿಮಾನದಲ್ಲಿ ಅದೇ ಬೆಂಕಿಗೆ ಸಿಕ್ಕ ಅಂಗಡಿಯಾಳಿನ ಮನೆಯವರಿಗೆ, ಅವನ ಸಂಬಳ ಚಿಕ್ಕದಾಗಿತ್ತೆಂಬ ಕಾರಣಕ್ಕೆ, ಅವನ ಸಾವೂ ಚಿಕ್ಕದೆನ್ನುವುದು ಯಾವ ನ್ಯಾಯ?

ಈ ಲೆಕ್ಕದೊಳಗೆ ಇನ್ನೊಂದು ಕ್ರೌರ್ಯ ಅಡಗಿದೆ. ರಸ್ತೆ ಅಪಘಾತದ ಪರಿಹಾರಕ್ಕೆ ಸುಪ್ರೀಂ ಕೋರ್ಟ್ 2009ರ ಸರಳಾ ವರ್ಮಾ ತೀರ್ಪಿನಲ್ಲಿ ಸೂತ್ರವೊಂದನ್ನು ಹಾಕಿಕೊಟ್ಟಿತು. ಎರಡು ಮೂರು ಜನ ಅವಲಂಬಿತರಿದ್ದರೆ ಮೃತನ ಆದಾಯದಲ್ಲಿ ಮೂರನೆಯ ಒಂದು ಪಾಲನ್ನು, ನಾಲ್ಕರಿಂದ ಆರು ಜನರಿದ್ದರೆ ನಾಲ್ಕನೆಯ ಒಂದು ಪಾಲನ್ನು ಅವನ ಸ್ವಂತ ಖರ್ಚೆಂದು ಕಳೆಯಬೇಕು. ಅವಿವಾಹಿತನಾದರೆ ಸಾಮಾನ್ಯವಾಗಿ ಅರ್ಧವನ್ನು. ಮನೆಗೆ ಕಳಿಸಲೆಂದು ಹೊಟ್ಟೆ ಬಟ್ಟೆ ಕಟ್ಟಿದವನಿಗೂ ಕಾನೂನು ತನಗಾಗಿ ಖರ್ಚು ಮಾಡಿಕೊಂಡವನ ಲೆಕ್ಕವನ್ನೇ ಬರೆಯುತ್ತದೆ. ಅವನು ಕೋಣೆಯಲ್ಲಿ ಕೊಟ್ಟ ಜಾಗ, ಎತ್ತಿದ ಚಂದಾ ಯಾವ ಸಂಬಳ ಚೀಟಿಯಲ್ಲೂ ಇಲ್ಲ. ಬದುಕಿದ್ದಾಗ ಹೊಗಳಿಸಿಕೊಂಡ ಗುಣಗಳೇ ಸತ್ತ ಮೇಲೆ ಅವನ ವಿರುದ್ಧ ನಿಲ್ಲುತ್ತವೆ.

ಇದು ಬದಲಾಗದ ಸಂಗತಿಯೇನಲ್ಲ. ಸಂಬಳವಿಲ್ಲದ ಗೃಹಿಣಿಯ ದುಡಿಮೆಗೂ ಬೆಲೆಯುಂಟೆಂದು ಸುಪ್ರೀಂ ಕೋರ್ಟ್ 2021ರಲ್ಲಿ ಮತ್ತೆ ಒತ್ತಿ ಹೇಳಿದೆ. ಅಮೆರಿಕದಲ್ಲಿ 2001ರ ಸೆಪ್ಟೆಂಬರ್ ದಾಳಿಯ ಪರಿಹಾರವನ್ನು ಆದಾಯದ ಆಧಾರದ ಮೇಲೆ ಹಂಚಿದ ವಕೀಲ ಕೆನೆತ್ ಫೈನ್‌ಬರ್ಗ್, ಮುಂದೆ ಎಲ್ಲ ಜೀವಗಳಿಗೂ ಸಮಾನ ಮೊತ್ತವೇ ಸರಿಯೆಂಬ ನಿಲುವಿಗೆ ಬಂದರು. 2007ರ ವರ್ಜೀನಿಯಾ ಟೆಕ್ ಹತ್ಯಾಕಾಂಡದ ನಿಧಿಯಲ್ಲಿ ಮೃತರ ಕುಟುಂಬಗಳಿಗೆ ಸಮಾನವಾಗಿಯೇ ಹಂಚಿದರು. ಮಾಂಟ್ರಿಯಲ್ ಒಪ್ಪಂದದ ಮೊತ್ತವನ್ನು ಎಲ್ಲ ಪ್ರಯಾಣಿಕರಿಗೂ ಕನಿಷ್ಠ ಪರಿಹಾರವೆಂದು ಭಾರತದ ಕಾನೂನು ಸ್ಪಷ್ಟವಾಗಿ ಘೋಷಿಸಬೇಕು. ಹೆಚ್ಚಿನ ಆದಾಯದವರು ಅದರ ಮೇಲಿನದನ್ನು ಸಾಬೀತುಪಡಿಸಿ ಪಡೆಯಲಿ.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವ ಕೆಲಸವೂ ಇದೆ. ಹೊರನಾಡಿನ ಕನ್ನಡ ಸಂಘಗಳ ಸ್ಮರಣ ಸಂಚಿಕೆಗಳಲ್ಲಿ ದಾನಿಗಳ ಭಾವಚಿತ್ರಗಳಿಗೆ ಪುಟಗಳಿವೆ. ದುಡಿದು ತೀರಿಕೊಂಡವರಿಗೂ ಪುಟಗಳಿರಲಿ. ಆದರೆ ಬರಿಯ ವಿಶೇಷಣಗಳ ಪುಟಗಳಲ್ಲ. ಅವನು ಯಾವ ಕೆಲಸ ಮಾಡಿದ, ದಿನಕ್ಕೆ ಎಷ್ಟು ಗಂಟೆ ದುಡಿದ, ಎಷ್ಟು ವರ್ಷಕ್ಕೊಮ್ಮೆ ಮಕ್ಕಳ ಮುಖ ನೋಡಿದ, ಯಾರ ಸಾಲ ತೀರಿಸಿದ, ಯಾರು ಅವನಿಗೆ ಬಾಕಿ ಉಳಿಸಿಕೊಂಡರು ಎಂಬುದನ್ನು ಬರೆಯೋಣ. ಸರಳ ಮನುಷ್ಯನೆಂಬ ಮಾತು ಅವನ ಲೆಕ್ಕವನ್ನು ಮುಚ್ಚಿಹಾಕುವ ನೆಪವಾಗದಿರಲಿ.